ಇಂದಿನ ಧಮ್ಮ ಚಿಂತನೆ: ಹೆಸರಿಲ್ಲದ ಬಟ್ಟಲು



ಈ ವಾರ ನಾವು ಓದುತ್ತಿರುವುದು ಮಜ್ಝಿಮ ನಿಕಾಯದ 18ನೆಯದಾದ ಮಧುಪಿಂಡಿಕ ಸುತ್ತ. ನಾಲಗೆಗೆ ರಸ ತಾಕುತ್ತದೆ, ಅರಿವು ಮೂಡುತ್ತದೆ. ಈ ಮೂರೂ ಸೇರಿದ್ದು ಫಸ್ಸ. ಅದರಿಂದ ವೇದನೆ, ಆಮೇಲೆ ಸಞ್ಞಾ ಎಂಬ ಗುರುತು, ಆಮೇಲೆ ಯೋಚನೆ, ಕೊನೆಗೆ ಪಪಂಚ. ಪಪಂಚದಲ್ಲಿ ಹುಟ್ಟಿದ ಗುರುತುಗಳು ತಿರುಗಿ ಬಂದು ನಮ್ಮನ್ನೇ ಮುತ್ತುತ್ತವೆ ಎಂದು ಮಹಾಕಚ್ಚಾನರು ಬಿಡಿಸಿ ಹೇಳುತ್ತಾರೆ. ನನಗೆ ಈ ಕೊನೆಯ ಮಾತು ಅರ್ಥವಾದದ್ದು ಚಹಾ ಕುಡಿಯುವಾಗ.

ನಾದಿನಿ ಸಿಂಗಪುರದಿಂದ ಬರುವಾಗ ಮೂರು ಬಗೆಯ ಹುರಿದ ಊಲಾಂಗ್ ಚಹಾ ತಂದಿದ್ದರು. ಊಲಾಂಗ್ ಎಂದರೆ ಹಸಿರು ಚಹಾಕ್ಕೂ ನಾವು ಹಾಲು ಹಾಕಿ ಕುಡಿಯುವ ಚಹಾಕ್ಕೂ ನಡುವಿನದು. ಮೂರೂ ಚೀನಾದ ಫೂಜಿಯಾನ್ ಪ್ರಾಂತ್ಯದವು. ಶ್ವೇಶಿಯೆನ್ ಮತ್ತು ರೌಗ್ವೇ ವೂಯಿ ಬೆಟ್ಟದ ಬಂಡೆಗಳ ನಡುವೆ ಬೆಳೆದವು, ತಿಯೆಗ್ವಾನ್‌ಯಿನ್ ಆನ್‌ಶಿ ಕಡೆಯದು. ಸಾಂಪ್ರದಾಯಿಕವಾಗಿ ಎಲೆಯನ್ನು ಬಿದಿರಿನ ಬುಟ್ಟಿಯಲ್ಲಿ ಹರಡಿ, ಬೂದಿ ಮುಚ್ಚಿದ ಇದ್ದಿಲ ಕೆಂಡದ ಮೇಲೆ, ಹೊಗೆಯಾಡದ ಸಣ್ಣ ಕಾವಿನಲ್ಲಿ ಗಂಟೆಗಟ್ಟಲೆ ಹುರಿಯುತ್ತಾರೆ. ಹುರಿದ ಹೊಸದರಲ್ಲಿ ಬೆಂಕಿಯ ರುಚಿಯೇ ಮುಂದಿರುತ್ತದೆ. ಕೆಲವು ತಿಂಗಳು ಇಟ್ಟರೆ ಇಳಿಯುತ್ತದೆ. ಕಳಪೆ ಎಲೆಯ ದೋಷ ಮುಚ್ಚಲು ಹೆಚ್ಚು ಹುರಿಯುವವರೂ ಉಂಟು.

ಹೋಲಿಸಿ ನೋಡಲು ಅಲ್ಲಿ ಒಂದು ಕ್ರಮವಿದೆ: 5 ಗ್ರಾಂ ಎಲೆ, 110 ಮಿಲಿ ಕುದಿವ ನೀರು; ಅದೇ ಎಲೆಯನ್ನು ಮೊದಲು 2 ನಿಮಿಷ, ಮತ್ತೆ 3, ಮತ್ತೆ 5 ನಿಮಿಷ ನೆನೆಸಿ ಸೋಸುವುದು. ಅಳತೆ ಎಲ್ಲಕ್ಕೂ ಒಂದೇ. ಹಾಗೆಯೇ ಮಾಡಿದೆ. ರೌಗ್ವೇ ಎಂದರೆ ದಾಲ್ಚಿನ್ನಿ, ಚಕ್ಕೆಯ ಪರಿಮಳ ಸಿಕ್ಕಿತು. ಶ್ವೇಶಿಯೆನ್‌ಗೆ "ಮರದ ವಾಸನೆ" ಎಂದಷ್ಟೇ ಬರೆದೆ. ಗ್ವಾನ್‌ಯಿನ್ ಎಂದರೆ ನಮ್ಮ ಅವಲೋಕಿತೇಶ್ವರನ ಚೀನೀ ರೂಪ. ಆ ಹೆಸರಿನ ಚಹಾಕ್ಕೆ "ಶಾಂತ, ಗಂಭೀರ, ಕರುಣೆಯಂಥ ಸಿಹಿ" ಎಂದು ಬರೆದೆ. ಕನ್ನಡ ಎಂ.ಎ. ಮಾಡಿದವರಿಗೆ ವಿಶೇಷಣ ಸಿಗುವುದೇನು ಕಷ್ಟ!

ಹೋದ ಭಾನುವಾರ ಮಗಳು ಅಡುಗೆಮನೆಯಲ್ಲೇ ಸೋಸಿ, ಎಲೆ ತೋರಿಸದೆ, ಬರೀ ಮೂರು ಬಟ್ಟಲು ತಂದಿಟ್ಟಳು. ಎರಡನೆಯದು ನಾಲಗೆಯ ಮೇಲೆ ದಪ್ಪಗೆ, ಮೆತ್ತಗೆ ಕೂತಿತು. ನುಂಗಿದ ಮೇಲೆ ಗಂಟಲಿಂದ ಸಿಹಿ ಹಿಂದಿರುಗಿತು. "ಇದೇ ಗ್ವಾನ್‌ಯಿನ್" ಎಂದೆ. ಅದು ಶ್ವೇಶಿಯೆನ್. ಮೂರನೆಯದನ್ನು "ಸೀದಿದೆ" ಎಂದು ಪಕ್ಕಕ್ಕೆ ಸರಿಸಿದ್ದೆ. ಅದೇ ಗ್ವಾನ್‌ಯಿನ್.

ಮಗಳು ನಕ್ಕಳು. ನನಗೆ ನಗು ಬರಲಿಲ್ಲ. ನಮ್ಮೂರ ಹೋಟೆಲಿನಲ್ಲಿ ಅಪ್ಪನ ಲೋಟ ಬೇರೆಯೇ ಇತ್ತು, ಹೊರಗೆ ಕಿಟಕಿಯ ಮೇಲೆ. ಕುಡಿದು ತಾನೇ ತೊಳೆದಿಡಬೇಕು. ಒಳಗೆ ಕುದಿಯುತ್ತಿದ್ದ ಚಹಾ ಮಾತ್ರ ಎಲ್ಲರಿಗೂ ಒಂದೇ. ಹೆಸರು ಮುಂಚೆ ಬಂದರೆ ಏನಾಗುತ್ತದೆಂದು ಚಿಕ್ಕಂದಿನಿಂದ ಕಂಡವನು ನಾನು. ಆದರೂ ಜೂನ್‌ನಲ್ಲಿ ಹಾಜರಿ ಪುಸ್ತಕ ಕೈಗೆ ಬಂದಾಗ, ಹಿಂದಿನ ತರಗತಿಯ ಮೇಷ್ಟ್ರು ಒಬ್ಬ ಹುಡುಗನ ಬಗ್ಗೆ ಅಂದ "ಅವನು ಓದಲ್ಲ ಬಿಡಿ ಸಾರ್" ಎಂಬ ಮಾತನ್ನೂ ಜೊತೆಗೇ ತೆಗೆದುಕೊಂಡಿದ್ದೆ. ಸೋಮವಾರ ಅವನ ಕಿರುಪರೀಕ್ಷೆಯ ಪತ್ರಿಕೆ ಮತ್ತೆ ತೆಗೆದು, ಮೇಲಿನ ಹೆಸರು ಮಡಚಿ ಓದಿದೆ. ಎರಡನೆಯ ಪುಟವನ್ನು ನಾನು ಓದಿಯೇ ಇರಲಿಲ್ಲ. ಮೂರು ಅಂಕ ಬರಬೇಕಿತ್ತು. ಕೊಟ್ಟು, ಅವನನ್ನು ಕರೆದು, ತಪ್ಪು ನನ್ನದೆಂದು ಹೇಳಿದೆ. "ಇರಲಿ ಬಿಡಿ ಸಾರ್" ಎಂದ.

ಇಂದಿನ ಅಭ್ಯಾಸ: ಮನೆಯಲ್ಲಿ ಎರಡು ಬಗೆಯ ಚಹಾ ಅಥವಾ ಕಾಫಿಪುಡಿ ಇದ್ದರೆ ಬೇರೆಯವರಿಂದ ಮಾಡಿಸಿ, ಯಾವುದೆಂದು ಕೇಳದೆ ಕುಡಿಯಿರಿ. ಕಹಿಯೋ, ಒಗರೋ, ಸಿಹಿಯೋ, ಹಿತವೋ ಅಹಿತವೋ ಗುರುತು ಹಾಕಿಕೊಳ್ಳಿ. ಆಮೇಲೆ ಹೆಸರು ಕೇಳಿ, ಮತ್ತೊಂದು ಗುಟುಕು ಕುಡಿದು ರುಚಿ ಬದಲಾಯಿತೇ ನೋಡಿ. ಬರೆದದ್ದನ್ನು ಭಾನುವಾರದ ಅಧ್ಯಯನಕ್ಕೆ ತನ್ನಿ. ನನ್ನ ಬಳಿ ಶ್ವೇಶಿಯೆನ್ ಇನ್ನೂ ಸ್ವಲ್ಪ ಉಳಿದಿದೆ, ತರುತ್ತೇನೆ.

ಭವತು ಸಬ್ಬ ಮಂಗಲಂ.