ಬೆಲ್ಲನಿಗೊಂದು ಜೊತೆ

ಹಿತ್ತಲ ಬಾಗಿಲು ತೆಗೆದಾಗ ಕೆಂಪು ಗಾರೆ ನೆಲದ ತುಂಬ ಹಿಂಜಿದ ಅರಳೆಯಂತೆ ಬಿಳಿ ಕೂದಲು ಹರಡಿತ್ತು. ರಾತ್ರಿ ಬೆಕ್ಕು ನುಗ್ಗಿರಬೇಕೆಂದು ಎದೆ ಧಸಕ್ಕೆಂದಿತು. ಬೆಕ್ಕಿರಲಿಲ್ಲ. ನಮ್ಮ ಎರಡು ಮೊಲಗಳೇ ಒಂದರ ಬಾಲದ ಬುಡಕ್ಕೆ ಇನ್ನೊಂದು ಬಾಯಿ ಹಾಕಿ ಬುಗುರಿಯಂತೆ ಗಿರಗಿರನೆ ಸುತ್ತುತ್ತಿದ್ದವು. ನಾಯಿ ಜಗಳಕ್ಕೆ ಮುಂಚೆ ಗುರುಗುಟ್ಟುತ್ತದೆ, ಬೆಕ್ಕು ಓಣಿಗೆಲ್ಲ ಕೇಳುವಂತೆ ಅರಚುತ್ತದೆ. ಇಲ್ಲಿ ನನಗೆ ಕೇಳಿಸಿದ್ದು ಉಗುರು ನೆಲಕ್ಕೆ ತೀಡುವ ಸದ್ದು, ನಡುನಡುವೆ ಒಂದು ಸಣ್ಣ ಹೂಂಕಾರ, ಅಷ್ಟೇ. ಬಿಡಿಸಲು ಬರಿಗೈ ಹಾಕಿದೆ. ಹೆಬ್ಬೆರಳ ಬುಡಕ್ಕೆ ಹಲ್ಲು ಆಳವಾಗಿ ಇಳಿಯಿತು. ಟಿಟಿ ಚುಚ್ಚಿಸಿಕೊಂಡು ಬಂದೆ. ಗುರುತು ಈಗಲೂ ಇದೆ.

ಕಂದು ಬಣ್ಣದವನು ಬೆಲ್ಲ, ಬಿಳಿಯವನು ಹತ್ತಿ. ಮಗಳ ಹುಟ್ಟುಹಬ್ಬಕ್ಕೆಂದು ಮೈಸೂರಿನಲ್ಲೇ ರಸ್ತೆ ಬದಿ ಪಂಜರ ಇಟ್ಟು ಮಾರುವವನ ಬಳಿ ಕೊಂಡಿದ್ದೆವು. ‘ಗಂಡು-ಹೆಣ್ಣು ಜೋಡಿ ಅಕ್ಕ, ಚೆನ್ನಾಗಿ ಹೊಂದಿಕೊಂಡಿರ್ತವೆ’ ಎಂದಿದ್ದ. ಮುಷ್ಟಿಯಲ್ಲಿ ಹಿಡಿಸುವಷ್ಟು ಪುಟ್ಟ ಮರಿಗಳು. ಆ ವಯಸ್ಸಿನಲ್ಲಿ ಗಂಡೋ ಹೆಣ್ಣೋ ತಿಳಿಯುವುದು ಬಲ್ಲವರಿಗೂ ಕಷ್ಟ ಎಂದು ಆಮೇಲೆ ತಿಳಿಯಿತು. ಗಂಡಿನ ಬೀಜ ಕೆಳಗಿಳಿದು ಕಾಣಿಸಿಕೊಳ್ಳುವುದೇ ಸುಮಾರು 10-12 ವಾರಕ್ಕೆ. ನಮ್ಮವು ಎರಡೂ ಗಂಡು. ಮಾರುವವನ ಮಾತು ನಿಜವಾಗಿದ್ದರೆ ಇನ್ನೂ ಕಷ್ಟಕ್ಕೆ ಬೀಳುತ್ತಿದ್ದೆವು. ಹೆಣ್ಣು ಮೊಲ ನಾಲ್ಕೈದು ತಿಂಗಳಿಗೇ ಗಬ್ಬವಾಗಬಲ್ಲದು, 30-31 ದಿನಕ್ಕೆ ಮರಿ ಹಾಕುತ್ತದೆ, ಮರಿ ಹಾಕಿದ ದಿನವೇ ಮತ್ತೆ ಗಬ್ಬವಾಗಬಲ್ಲದು.

ಜಗಳ ಅಂದು ಬೆಳಿಗ್ಗೆ ದಿಢೀರನೆ ಹುಟ್ಟಿದ್ದಲ್ಲ. ಎರಡು ವಾರದಿಂದ ಬೆಲ್ಲ ಕಂಡಕಂಡ ಮೂಲೆಗೆಲ್ಲ ಗಲ್ಲ ಉಜ್ಜುತ್ತಿದ್ದ. ಮೊಲದ ಗಲ್ಲದಡಿ ವಾಸನೆಯ ಗ್ರಂಥಿಯಿದೆ, ‘ಇದು ನನ್ನದು’ ಎಂದು ಬರೆಯುವ ರೀತಿ ಅದು. ಒಂದೇ ಕಡೆ ಉಚ್ಚೆ ಹೊಯ್ಯುತ್ತಿದ್ದವರು ಎಲ್ಲೆಂದರಲ್ಲಿ ಚಿಮುಕಿಸತೊಡಗಿದ್ದರು. ಒಬ್ಬನ ಮೇಲೆ ಒಬ್ಬ ಹತ್ತುವುದು, ಬಾಲ ನಿಗುರಿಸಿ ಕಿವಿ ಹಿಂದಕ್ಕೆ ಒತ್ತಿ ಅಟ್ಟಾಡಿಸುವುದು. ‘ಆಟ ಆಡ್ತಿವೆ ಪುಟ್ಟಿ’ ಎಂದು ಮಗಳಿಗೆ ನಾನೇ ಹೇಳಿದ್ದೆ. ಆ ಎರಡು ವಾರದಲ್ಲಿ ಬೇರೆ ಮಾಡಿ, ಆಪರೇಷನ್ ಮಾಡಿಸಿ, ಗಾಯವಿಲ್ಲದೆ ಮತ್ತೆ ಕೂಡಿಸಿದ್ದರೆ ಅಣ್ಣ ತಮ್ಮ ಇಬ್ಬರೂ ಒಟ್ಟಿಗೇ ಉಳಿಯುತ್ತಿದ್ದರೇನೋ. ಈ ಸಂಕಟ ನನ್ನನ್ನು ಬಿಟ್ಟಿಲ್ಲ.

ಬದಲಿಗೆ ನಾನು ಮಾಡಿದ್ದು ಮೂರು ದಿನ ಬೇರೆ ಇಟ್ಟು, ಕೋಪ ಇಳಿದಿರಬೇಕೆಂದು ಮತ್ತೆ ಒಂದೇ ಗೂಡಿಗೆ ಬಿಟ್ಟದ್ದು. ಮನುಷ್ಯರ ಮುನಿಸಿನ ಲೆಕ್ಕ ಅದು. ಒಮ್ಮೆ ರಕ್ತ ಬರುವಂತೆ ಕಾದಾಡಿದ ಮೊಲಗಳಿಗೆ ಆ ಗೂಡು ರಣರಂಗವಾಗಿಯೇ ನೆನಪಿರುತ್ತದೆ. ಬಿಟ್ಟ ಅರ್ಧ ನಿಮಿಷದಲ್ಲಿ ಹತ್ತಿಯ ಕಿವಿ ಅಂಚಿನಿಂದ ಒಂದು ಬೆರಳಗಲ ಹರಿದಿತ್ತು, ತೊಡೆಯ ಹಿಂದೆ ಎರಡು ಹಲ್ಲಿನ ತೂತು. ಕಿವಿ ನೋಡಿ ನಾವು ಅತ್ತೆವು. ಆದರೆ ಕಿವಿ ಸಲೀಸಾಗಿ ಮಾಗಿತು, ಕೂದಲಿನಡಿ ಮುಚ್ಚಿಹೋಗಿದ್ದ ಆ ಸಣ್ಣ ತೂತುಗಳೇ ಪ್ರಾಣಕ್ಕೆ ತಂದವು. ಮೊಲದ ಕೀವು ನಮ್ಮದರಂತೆ ಹರಿದು ಹೋಗುವುದಿಲ್ಲ, ಗಟ್ಟಿ ಗಿಣ್ಣಿನಂತೆ ಒಳಗೇ ಗಡ್ಡೆ ಕಟ್ಟುತ್ತದೆ. ಮೊದಲು ತೋರಿಸಿದ ಕಡೆ ನಾಯಿಗೆ ಕೊಡುವ ಪೆನಿಸಿಲಿನ್ ಜಾತಿಯ ಔಷಧಿಯನ್ನೇ ಬಾಯಿಗೆ ಹಾಕಲು ಬರೆದುಕೊಟ್ಟರು. ಅದು ಮೊಲದ ಹೊಟ್ಟೆಯ ಒಳ್ಳೆಯ ಸೂಕ್ಷ್ಮಜೀವಿಗಳನ್ನೂ ಕೊಂದುಬಿಡುತ್ತದೆ. ಮಾರನೆಯ ದಿನ ಹತ್ತಿ ಹುಲ್ಲು ಮುಟ್ಟಲಿಲ್ಲ, ಹಿಕ್ಕೆಯೂ ನಿಂತಿತು. ಅರ್ಧ ದಿನ ತಿನ್ನದ ಮೊಲವೆಂದರೆ ತುರ್ತು ಕೇಸು. ಮೊಲಗಳನ್ನು ನೋಡಿ ಪಳಗಿದ ಇನ್ನೊಬ್ಬ ಡಾಕ್ಟರನ್ನು ಹುಡುಕಿಕೊಂಡು ಓಡಿದೆವು. ಅವರು ಔಷಧಿ ಬದಲಿಸಿ, ಗಡ್ಡೆ ಬಿಡಿಸಿ ತೆಗೆದರು. ನಾಲ್ಕು ದಿನ ಸಿರಿಂಜಿನಲ್ಲಿ ಗಂಜಿಯಂತೆ ಕಲಸಿದ ಆಹಾರ ಕುಡಿಸಿದ ಮೇಲೆ ಹತ್ತಿ ಉಳಿದ. ಮೊಲ ಸಾಕುವವರು ಮೊಲ ಬಲ್ಲ ಡಾಕ್ಟರನ್ನು ಗಾಯವಾಗುವ ಮುಂಚೆಯೇ ಗೊತ್ತುಮಾಡಿಟ್ಟುಕೊಳ್ಳಬೇಕು ಎಂದು ಕಂಡವರಿಗೆಲ್ಲ ಹೇಳುತ್ತಿರುತ್ತೇನೆ.

ಇಬ್ಬರಿಗೂ ಬೀಜ ತೆಗೆಸಿದೆವು. ಬೇರೆ ಪ್ರಾಣಿಗಳನ್ನು ಆಪರೇಷನ್‌ಗೆ ಮುಂಚೆ ಉಪವಾಸ ಕೆಡವುತ್ತಾರೆ. ಮೊಲಕ್ಕೆ ವಾಂತಿ ಮಾಡಲು ಬರುವುದೇ ಇಲ್ಲ, ಹೊಟ್ಟೆ ಖಾಲಿಯಾದರೇ ಅಪಾಯ. ಹಾಗಾಗಿ ಆ ಬೆಳಿಗ್ಗೆಯೂ ಹುಲ್ಲು ತಿನ್ನಿಸಿಯೇ ಕರೆದುಕೊಂಡು ಹೋದೆವು. ಮೈಯೊಳಗಿನ ಬಿಸಿ ಇಳಿಯಲು ಆರು ವಾರ ಕಾಯಿರಿ ಎಂದರು ಡಾಕ್ಟರು. ಕಾದೆವು. ಆಮೇಲೆ ಎರಡು ತಿಂಗಳು ನಡುವೆ ಜಾಲರಿ ಹಾಕಿ ಅಕ್ಕಪಕ್ಕ ಇಟ್ಟು ಪ್ರಯತ್ನಪಟ್ಟೆವು. ಹತ್ತಿ ತಣ್ಣಗಾಗಿದ್ದ. ಬೆಲ್ಲ ಅವನ ವಾಸನೆ ಬಂದರೇ ಹಿಂಗಾಲು ನೆಲಕ್ಕೆ ಬಡಿಯುತ್ತಿದ್ದ. ‘ಒಟ್ಟಿಗೆ ಹುಟ್ಟಿದವರು ಅಲ್ವಾ ಅಮ್ಮ’ ಎಂದು ಮಗಳು ಕೇಳುವುದು ನಿಂತ ದಿನ ನಾನೂ ಆ ಪ್ರಯತ್ನ ಬಿಟ್ಟೆ.

ಹುಣಸೂರಿನ ಕಡೆ ತಂದೆಯ ಹೊಲದಲ್ಲಿ ಮೊಲ ಕಂಡು ಬೆಳೆದವಳು ನಾನು. ಮೊಲವೆಂದರೆ ಒಂಟಿ ಜೀವ ಎಂದೇ ನನ್ನ ತಿಳಿವಳಿಕೆ. ಕನ್ನಡದಲ್ಲಿ ಹೊಲದ ಮೊಲಕ್ಕೂ ಸಾಕುವ ಮೊಲಕ್ಕೂ ಒಂದೇ ಹೆಸರಿರುವುದರ ತೊಡಕು ಇದು. ಹೊಲದ ಮೊಲ ಬಿಲ ತೋಡದೆ ಹುಲ್ಲಿನ ಮರೆಯಲ್ಲಿ ಒಂಟಿಯಾಗಿ ಮಲಗುತ್ತದೆ, ಅದರ ಮರಿ ಕೂದಲು ಹೊತ್ತು ಕಣ್ಣು ಬಿಟ್ಟುಕೊಂಡೇ ಹುಟ್ಟುತ್ತದೆ. ಅದನ್ನು ಹಿಡಿದು ಸಾಕುವುದು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ ಅಪರಾಧವೂ ಹೌದು. ಮನೆಯಲ್ಲಿ ಸಾಕುವ ಮೊಲ ಬೇರೆಯದೇ ಕುಲ, ಸ್ಪೇನ್, ಪೋರ್ಚುಗಲ್ ಕಡೆಯ ಬಿಲದ ಮೊಲದ ಸಂತತಿ. ಬೆತ್ತಲೆಯಾಗಿ, ಕಣ್ಣು ಮುಚ್ಚಿಕೊಂಡು ಹುಟ್ಟಿ, ಗುಂಪಿನಲ್ಲಿ, ಯಾರು ಮೇಲು ಯಾರು ಕೆಳಗು ಎಂಬ ಕಟ್ಟಿನೊಳಗೆ ಬಾಳುತ್ತದೆ. ಅದಕ್ಕೆ ಜೊತೆ ಬೇಕೇ ಬೇಕು. ಹಾಗೆಂದು ಯಾರೋ ಒಬ್ಬರನ್ನು ತಂದು ಬಿಟ್ಟರೆ ಆಗದು. ಬೇರೆಯಾದ ಮೇಲೆ ಬೆಲ್ಲ ಸಂಜೆ ಹೊತ್ತು ಗಾಳಿಯಲ್ಲಿ ಮೈ ತಿರುಚಿ ನೆಗೆಯುತ್ತಿದ್ದುದು ನಿಂತಿತು. ಗೋಡೆಗೆ ಮುಖ ಮಾಡಿ ಕೂರುತ್ತಿದ್ದ. ನಾವು ಒಂಬತ್ತಕ್ಕೆ ಮನೆ ಬಿಡುವವರು. ಎಷ್ಟು ಮುದ್ದು ಮಾಡಿದರೂ ರಾತ್ರಿ ಮೂರು ಗಂಟೆಗೆ ಅವನ ಹಣೆ ನೆಕ್ಕಲು ನಮ್ಮಿಂದ ಆಗುತ್ತದೆಯೇ?

ಇನ್ನೊಂದು ಮರಿ ತನ್ನಿ, ಸಣ್ಣದಾದರೆ ಜಗಳ ಇರಲ್ಲ ಎಂದವರೇ ಹೆಚ್ಚು. ಆ ಮಾತಿಗೆ ನಾನು ಕಿವಿಗೊಡಲಿಲ್ಲ. ಮರಿಯ ಸ್ವಭಾವ ಯಾರಿಗೂ ಗೊತ್ತಿರುವುದಿಲ್ಲ, ಮೂರು ತಿಂಗಳು ಕಳೆದರೆ ಅದೇ ಕಥೆ ಮತ್ತೆ. ಬೀಜ ತೆಗೆಸಿದ ಗಂಡಿಗೆ ಬೆಳೆದ ಹೆಣ್ಣು ಹೊಂದುವುದು ಎಲ್ಲಕ್ಕಿಂತ ಸುಲಭ ಎಂದರು ಡಾಕ್ಟರು. ಬೆಳೆದ ಮೊಲಗಳಿಗೇನೂ ಬರವಿಲ್ಲ. ಮಕ್ಕಳ ಆಸೆಗೆ ತಂದು, ವರ್ಗವಾದಾಗಲೋ ಮನೆಯ ವೈರೆಲ್ಲ ಕಡಿದುಹಾಕಿದಾಗಲೋ ಬೇಡವಾದವು ಬೇಕಾದಷ್ಟು. ಡಾಕ್ಟರ ಕಾಂಪೌಂಡರಿಗೆ, ಗರಿಕೆ ಕಟ್ಟು ಮಾರುವ ಹೂವಿನಮ್ಮನಿಗೆ, ಸೊಪ್ಪಿನ ಗಾಡಿಯವರಿಗೆ ಹೇಳಿಟ್ಟೆ. ಮೊಲ ಸಾಕುವವರೆಲ್ಲ ಗರಿಕೆಗೆ, ಮೂಲಂಗಿ ಸೊಪ್ಪಿಗೆ ಅವರ ಹತ್ತಿರ ಬರಲೇಬೇಕಲ್ಲ.

ಮೊದಲು ಬಂದವಳು ಪಿಂಕಿ. ಎರಡು ವರ್ಷದವಳು, ಬೂದು ಮೈ, ಪುಣೆಗೆ ಹೊರಟ ಸಂಸಾರವೊಂದು ಕೊಟ್ಟದ್ದು. ಖಾಲಿಯಿದ್ದ ನಮ್ಮ ಮಹಡಿ ರೂಮಿನಲ್ಲಿ ಎರಡು ವಾರ ಒಂಟಿಯಾಗಿ ಇಟ್ಟೆ, ರೋಗ ಏನಾದರೂ ಇದ್ದರೆ ಹರಡಬಾರದೆಂದು. ಅವಳಿಗೂ ಆಪರೇಷನ್ ಮಾಡಿಸಿದೆವು, ಹಾಗೆ ಬಿಟ್ಟ ಹೆಣ್ಣು ಮೊಲಗಳಲ್ಲಿ ವಯಸ್ಸಾದಂತೆ ಗರ್ಭಕೋಶದ ಕ್ಯಾನ್ಸರ್ ತೀರ ಸಾಮಾನ್ಯ. ಹೊಲಿಗೆ ಮಾಗುವವರೆಗೆ ಒಂದು ತಿಂಗಳು ಕಾದೆವು. ಬೆಲ್ಲ ಹೆಚ್ಚು ಸೊರಗಿದ್ದನಲ್ಲ, ಇವಳು ಬೆಲ್ಲನಿಗೆ ಎಂದು ನಾನು ಮನಸ್ಸಿನಲ್ಲೇ ತೀರ್ಮಾನಿಸಿಬಿಟ್ಟಿದ್ದೆ.

ಕೂಡಿಸುವುದಕ್ಕೂ ಒಂದು ಕ್ರಮವಿದೆ. ಮೊದಲು ಪಕ್ಕಪಕ್ಕದ ಗೂಡು, ನಡುವೆ ಎರಡು ಜಾಲರಿ, ಎರಡರ ಮಧ್ಯೆ ನಾಲ್ಕು ಬೆರಳು ಜಾಗ. ಒಂದೇ ಜಾಲರಿಯಾದರೆ ಮೂಗು ಕಚ್ಚಿ ಹರಿಯುತ್ತವೆ. ದಿನ ಬಿಟ್ಟು ದಿನ ಇವಳನ್ನು ಅವನ ಗೂಡಿಗೆ, ಅವನನ್ನು ಇವಳ ಗೂಡಿಗೆ ಅದಲುಬದಲು ಮಾಡಬೇಕು. ಒಬ್ಬರ ವಾಸನೆಯಲ್ಲಿ ಇನ್ನೊಬ್ಬರು ಮಲಗಿ ಏಳಬೇಕು. ಆಮೇಲೆ ಇಬ್ಬರಿಗೂ ಹೊಸದಾದ ಜಾಗದಲ್ಲಿ ಎದುರುಬದುರು. ನಮ್ಮದು ಪಕ್ಕದ ಮನೆಯವರ ವರಾಂಡ, ಕಾಲು ಜಾರದಂತೆ ಹಳೆಯ ಜಮಖಾನ. ನನ್ನ ಕೈಯಲ್ಲಿ ಮೊರ. ಮೈಮೇಲೆ ಎರಗುವ ಲಕ್ಷಣ ಕಂಡ ಕೂಡಲೇ ನಡುವೆ ಇಳಿಬಿಡಲು ಮೊರಕ್ಕಿಂತ ಒಳ್ಳೆಯದು ಇಲ್ಲ. ಹತ್ತು ನಿಮಿಷ ಸಾಕು, ಎಲ್ಲ ಶಾಂತವಾಗಿರುವಾಗಲೇ ಮುಗಿಸಬೇಕು. ಒಬ್ಬರನ್ನೊಬ್ಬರು ಕಂಡೂ ಕಾಣದಂತೆ ಹುಲ್ಲು ತಿನ್ನುವುದು, ಮುಖ ತೊಳೆದುಕೊಳ್ಳುವುದು, ಇವೆಲ್ಲ ಶುಭ ಲಕ್ಷಣ.

ಪಿಂಕಿ ಬೆಲ್ಲನನ್ನು ಒಪ್ಪಲಿಲ್ಲ. ನಾಲ್ಕು ಸಲ ಕೂರಿಸಿದೆ, ನಾಲ್ಕು ಸಲವೂ ಮುಂಗಾಲೆತ್ತಿ ಹೊಡೆದಳು. ಐದನೆಯ ಸಲ ಬೆಲ್ಲ ಬುಟ್ಟಿಯಿಂದ ಇಳಿಯಲೇ ಒಲ್ಲ ಎಂದ. ಅದೇ ವಾರ ಗೂಡು ತೊಳೆಯುವಾಗ ಪಿಂಕಿಯನ್ನು ಹತ್ತಿಯ ಜಾಲರಿಯ ಪಕ್ಕ ಬಿಟ್ಟಿದ್ದೆ. ಬಕೆಟ್ ಹಿಡಿದು ತಿರುಗಿ ನೋಡಿದರೆ ಅವಳು ಜಾಲರಿಗೆ ಬೆನ್ನು ಹಚ್ಚಿ ಪಕ್ಕಕ್ಕೆ ದೊಪ್ಪನೆ ಉರುಳಿದ್ದಳು, ನಾಲ್ಕೂ ಕಾಲು ಚಾಚಿ. ಹೆದರಿಕೆ ಇರುವ ಮೊಲ ಹಾಗೆ ಮಲಗುವುದಿಲ್ಲ. ಆಚೆ ಬದಿ ಹರಿದ ಕಿವಿಯ ಹತ್ತಿ, ಅದೇ ಭಂಗಿಯಲ್ಲಿ. ಹನ್ನೊಂದು ದಿನಕ್ಕೆ ಇಬ್ಬರೂ ಒಂದೇ ಗೂಡಿನಲ್ಲಿದ್ದರು. ನಾನು ಮಾಡಿದ್ದ ತೀರ್ಮಾನವನ್ನು ಅವಳು ಕೇಳಿಯೇ ಇರಲಿಲ್ಲ.

ಹಾಗಾಗಿ ಬೆಲ್ಲನಿಗೆ ಹುಡುಕುವಾಗ ಮೊದಲೇ ಮನೆಗೆ ತರುವುದು ಬೇಡ, ಭೇಟಿ ಮಾಡಿಸಿ ನೋಡೋಣ ಎಂದುಕೊಂಡೆ. ನಂಜನಗೂಡಿನಲ್ಲಿ ಒಬ್ಬರು ಅಜ್ಜಿ, ಮಂಡಿ ನೋವಿನಿಂದ ಬಗ್ಗಿ ಗೂಡು ಗುಡಿಸಲಾಗದೆ ತಮ್ಮ ಐದು ವರ್ಷದ ಹೆಣ್ಣು ಮೊಲ ಕಪಿಲೆಗೆ ಮನೆ ಹುಡುಕುತ್ತಿದ್ದರು. ಮೊಲಕ್ಕೆ ಬೆವರುವುದು ಗೊತ್ತಿಲ್ಲ, ಕಿವಿಯಿಂದಲೇ ಶಾಖ ಹೊರಗೆ ಹೋಗಬೇಕು. ಬಿಸಿಲು ಏರುವ ಮುಂಚೆ ಸೇರೋಣವೆಂದು ಮೊದಲ ಬಸ್ಸಿಗೆ ಹೊರಟೆ, ಬುಟ್ಟಿಯಲ್ಲಿ ಬೆಲ್ಲ, ಅವನ ಪಕ್ಕ ಬಟ್ಟೆ ಸುತ್ತಿದ ಐಸ್ ಬಾಟಲಿ. ಅಜ್ಜಿಯ ಮನೆಯೊಳಗೆಲ್ಲ ಕಪಿಲೆಯದೇ ರಾಜ್ಯ, ಆದ್ದರಿಂದ ಎದುರು ಮನೆಯವರ ಜಗುಲಿಯಲ್ಲಿ ಇಬ್ಬರನ್ನೂ ಇಳಿಸಿದೆವು. ಕಪಿಲೆ ಒಮ್ಮೆ ಮೂಸಿದಳು, ದೂರ ಹೋಗಿ ಮುಖ ತೊಳೆದುಕೊಂಡಳು. ಬೆಲ್ಲ ನಾವು ಹಾಕಿದ ಕೊತ್ತಂಬರಿ ಕಡ್ಡಿ ಎಳೆದು ತಿಂದ. ಇಪ್ಪತ್ತು ನಿಮಿಷ, ಒಂದು ಏಟಿಲ್ಲ.

ಅಜ್ಜಿ ಸೆರಗಿನಿಂದ ಕನ್ನಡಕ ಒರೆಸಿಕೊಂಡರು. ‘ನೋಡಮ್ಮಾ, ಹೊಂದಲಿಲ್ಲ ಅಂದ್ರೆ ಕೈಯಿಂದ ಕೈಗೆ ದಾಟಿಸಬೇಡ. ನಂಗೇ ವಾಪಸ್ ತಂದು ಕೊಡು. ಹೆಂಗೋ ನೋಡ್ಕೋತೀನಿ.’

ಡಾಕ್ಟರು ಪರೀಕ್ಷಿಸಿ ಈ ವಯಸ್ಸಿಗೆ ಅವಳಿಗೆ ಆಪರೇಷನ್ ಬೇಡ, ಆರು ತಿಂಗಳಿಗೊಮ್ಮೆ ಹೊಟ್ಟೆ ನೋಡಿಸುತ್ತಿರಿ ಎಂದರು. ಬೆಲ್ಲನಿಗೆ ಆಗಿ ತಿಂಗಳುಗಳೇ ಕಳೆದಿದ್ದರಿಂದ ಮರಿಯ ಭಯವಿರಲಿಲ್ಲ. ಎರಡು ವಾರ ಮಹಡಿ ರೂಮು, ಆಮೇಲೆ ಜಾಲರಿ, ಆಮೇಲೆ ಜಮಖಾನ. ಹಿತ್ತಲನ್ನು ಎರಡು ಭಾಗ ಮಾಡಿ ನಡುವೆ ಜೋಡಿ ಜಾಲರಿಯ ಬೇಲಿ ಹಾಕಿಸಿದೆವು, ಅತ್ತ ಹತ್ತಿ-ಪಿಂಕಿ, ಇತ್ತ ಇವರಿಬ್ಬರು. ಬೇಲಿಯ ತಳದಿಂದ ಒಂದೂವರೆ ಅಡಿ ಎತ್ತರಕ್ಕೆ ತಗಡು ಹೊಡೆಸಿದ್ದೇವೆ. ಆಚೆಯವನನ್ನು ಕಂಡ ಸಿಟ್ಟನ್ನು ಪಕ್ಕದಲ್ಲಿರುವ ಜೊತೆಯ ಮೇಲೇ ತೀರಿಸಿಕೊಳ್ಳುವುದುಂಟು ಎಂದು ಡಾಕ್ಟರು ಎಚ್ಚರಿಸಿದ್ದರು.

ಕಪಿಲೆ-ಬೆಲ್ಲ ಜಗಳವಾಡಲಿಲ್ಲ, ಹತ್ತಿರವೂ ಆಗಲಿಲ್ಲ. ಮೊಲಗಳಲ್ಲಿ ನೆಕ್ಕಿಸಿಕೊಳ್ಳಬೇಕಾದವರು ಇನ್ನೊಬ್ಬರ ಮೂತಿಯ ಕೆಳಗೆ ತಲೆ ತಗ್ಗಿಸಿ ಕೂರುತ್ತಾರೆ. ಇವರು ಇಬ್ಬರೂ ಒಮ್ಮೆಗೇ ತಲೆ ತಗ್ಗಿಸಿ, ಹಣೆಗೆ ಹಣೆ ತಾಗಿಸಿ, ನೀನು ಮೊದಲು ನೆಕ್ಕು ಎಂಬಂತೆ ಕೂತುಬಿಡುತ್ತಿದ್ದರು. ಐದು ನಿಮಿಷ, ಎಂಟು ನಿಮಿಷ. ಯಾರೂ ಸೋಲುತ್ತಿರಲಿಲ್ಲ. ದಿನಾ ಸಂಜೆ ಏಳಕ್ಕೆ ಅಜ್ಜಿಯ ಫೋನು, ಒಂದೇ ಪ್ರಶ್ನೆ: ‘ನೆಕ್ಕಿದ್ಲಾ?’ ‘ಇಲ್ಲ ಅಜ್ಜಿ, ಇವತ್ತೂ ಇಲ್ಲ.’

ಹದಿನೆಂಟನೆಯ ಸಂಜೆ ಮಗಳು ಜಮಖಾನದ ಅಂಚಿನಲ್ಲಿ ಪುಸ್ತಕ ಹಿಡಿದು ಕೂತಿದ್ದಳು, ನಾನು ಮೊರ ತೊಡೆಯ ಮೇಲಿಟ್ಟುಕೊಂಡು ಸೊಪ್ಪು ಬಿಡಿಸುತ್ತಿದ್ದೆ. ಎಂದಿನಂತೆ ಎರಡು ತಲೆಗಳೂ ತಗ್ಗಿದವು. ಸ್ವಲ್ಪ ಹೊತ್ತಿಗೆ ಬೆಲ್ಲ ತಲೆ ಎತ್ತಿದ. ಕಪಿಲೆಯ ಎರಡು ಕಣ್ಣಿನ ನಡುವೆ ಒಮ್ಮೆ ನಾಲಿಗೆ ಆಡಿಸಿ ನಿಲ್ಲಿಸಿದ. ಅವಳು ಅಲುಗಲಿಲ್ಲ. ಮತ್ತೆ ನೆಕ್ಕಿದ, ಹಣೆ, ರೆಪ್ಪೆ, ಕಿವಿಯ ಬುಡ. ಅವಳ ಹಲ್ಲುಗಳು ಮೆಲ್ಲಗೆ ಕಟಕಟ ಎನ್ನತೊಡಗಿದವು, ಸುಖವಾದಾಗ ಮೊಲ ಮಾಡುವ ಸದ್ದು. ಮಗಳು ನನ್ನ ಕೈ ಒತ್ತಿ ಹಿಡಿದಿದ್ದಳು.

ಏಳು ಗಂಟೆಗೆ ಕಾಯಲಾಗದೆ ನಾನೇ ಫೋನು ಮಾಡಿದೆ. ಅವನೇ ಮೊದಲು ನೆಕ್ಕಿದ ಅಜ್ಜಿ ಎಂದೆ. ಆ ಕಡೆಯಿಂದ ಸ್ವಲ್ಪ ಹೊತ್ತು ಮಾತಿಲ್ಲ. ಆಮೇಲೆ ಮೂಗೊರೆಸಿಕೊಂಡ ಸದ್ದು.

‘ಎಡಗಿವಿ ಹಿಂದೆ ನೆಕ್ಕಿದ್ರೆ ಅವಳಿಗೆ ಬೋ ಇಷ್ಟ ಕಣಮ್ಮ’ ಎಂದರು. ‘ಅವನಿಗೆ ಗೊತ್ತಾಗುತ್ತೆ ಬಿಡು.’