ಕತೆ ಕೇಳಲು ಬರುವವರಿಗೆ: ಮಾಡಬೇಕಾದ್ದು, ಮಾಡಬಾರದ್ದು

ಮಲೆ ಮಾದೇಶ್ವರನ, ಅಂದರೆ ಮಾದಪ್ಪನ ಬೆಟ್ಟದಲ್ಲಿ ಶಿವರಾತ್ರಿ, ಯುಗಾದಿ, ದೀಪಾವಳಿಗೆ. ಚಿಕ್ಕಲ್ಲೂರಿನಲ್ಲಿ ಬನದ ಹುಣ್ಣಿಮೆಯಿಂದ ಐದು ದಿನ. ಹರಕೆ ಹೊತ್ತವರ ಮನೆ ಮುಂದೆ ಅವರು ಕರೆದಾಗ. ಕೊಳ್ಳೇಗಾಲ, ಹನೂರು, ಯಳಂದೂರು ಸೀಮೆಯಲ್ಲಿ ಮಾದಪ್ಪನನ್ನು ಹಾಡುವ ಕಂಸಾಳೆಯವರೂ ಸಿದ್ದಪ್ಪಾಜಿಯನ್ನು ಹಾಡುವ ನೀಲಗಾರರೂ ಕತೆ ಮಾಡುತ್ತಾರೆ. ಟಿಕೆಟ್ ಇಲ್ಲ, ಪಾಸ್ ಇಲ್ಲ, ಮುಂದಿನ ಸಾಲಿಗೆ ಸೋಫಾ ಇಲ್ಲ. ಯಾರು ಬೇಕಾದರೂ ಬಂದು ಕೂರಬಹುದು. ಆದರೆ ಇದನ್ನು ಓದಿಕೊಂಡು ಬನ್ನಿ.

ಕಂಬಳಿ ತನ್ನಿ. ಪುಷ್ಯದ ಚಳಿ ನೆಲದಿಂದಲೇ ಏರುತ್ತದೆ.

ಪಂಕ್ತಿಯಲ್ಲಿ ಉಣ್ಣಲು ಕೂತರೆ ಪಕ್ಕದವರು ಯಾವ ಜಾತಿಯವರೆಂದು ಕೇಳಬೇಡಿ, ಕಣ್ಣಲ್ಲೂ ಅಳೆಯಬೇಡಿ. ಚಿಕ್ಕಲ್ಲೂರಿನಲ್ಲಿ, ಸಿದ್ದಪ್ಪಾಜಿಯ ನೆಲದಲ್ಲಿ, ಎಲ್ಲರೂ ಒಂದೇ ಸಾಲಿನಲ್ಲಿ ಕೂತು ಉಣ್ಣುವುದಕ್ಕೇ ಸೇವೆ ಎನ್ನುತ್ತಾರೆ.

ವಾದ್ಯ ಮುಟ್ಟಬೇಡಿ. ಬಟ್ಟಲಿನಂಥದ್ದೊಂದು, ಚಪ್ಪಟೆ ಬಿಲ್ಲೆಯಂಥದ್ದೊಂದು, ಎರಡೂ ಕಂಚು: ಅದು ಕಂಸಾಳೆ. ಮಾದಪ್ಪನ ದೀಕ್ಷೆ ಪಡೆದ ಭಕ್ತ, ದೇವರಗುಡ್ಡ, ಅದಕ್ಕೆ ಪೂಜೆ ಮಾಡಿ ಕೈಗೆತ್ತಿಕೊಳ್ಳುತ್ತಾನೆ. ನೀಲಗಾರರ ತಂಬೂರಿ, ಗಗ್ಗರ, ಡಕ್ಕೆಯೂ ಹಾಗೆಯೇ. ಫೋಟೊಗೆಂದು ಮಗುವಿನ ಕೈಗೆ ಕೊಡಿಸಿ ಎಂದು ಕೇಳಬೇಡಿ. ಬೀಸು ಕಂಸಾಳೆ ನಡೆಯುವಾಗ ಮಕ್ಕಳನ್ನು ಹಿಂದಕ್ಕೆ ಎಳೆದುಕೊಳ್ಳಿ. ತಲೆಯ ಮೇಲೆ ತಿರುಗಿ ಬರುವ ಕಂಚು ತಾಗಿದರೆ ಹಣೆ ಒಡೆಯುತ್ತದೆ.

ಒಂದು ಸಾಲು ಹಿಡಿದು ಕೂತ ಮೇಲೆ ಅದು ಮುಗಿಯುವವರೆಗೆ ಏಳಬೇಡಿ. ಸಾಲು ಎಂದರೆ ಹಾಡಿನ ಒಂದು ಗೆರೆಯಲ್ಲ, ಇಡೀ ಒಂದು ಕತೆ: ಸಂಕಮ್ಮನ ಸಾಲು, ಬೇವಿನಹಟ್ಟಿ ಕಾಳಮ್ಮನ ಸಾಲು, ಇಕ್ಕೇರಿ ದೇವಮ್ಮನ ಸಾಲು. ಸಂಕಮ್ಮನದನ್ನೇ ನೋಡಿ. ಜೇನಿಗೆಂದು ಕಾಡಿಗೆ ಹೊರಟ ಗಂಡ ನೀಲೇಗೌಡ ಹೆಂಡತಿಯ ನಡತೆಗೆ ಬಲಗೈ ಭಾಷೆ ಕೇಳುತ್ತಾನೆ. ಅವಳು ಕೊಡುವುದಿಲ್ಲ. ಅದಕ್ಕಾಗಿ ಪಡಬಾರದ ಪಾಡು ಪಡುತ್ತಾಳೆ. ಮಾದಪ್ಪ ಬಂದು ಬಿಡಿಸಿ ಕಾರಯ್ಯ, ಬಿಲ್ಲಯ್ಯರೆಂಬ ಮಕ್ಕಳನ್ನು ಕೊಡುವವರೆಗೆ ಕತೆಗೆ ದಡವಿಲ್ಲ. ನಡುವೆ ಎದ್ದು ಹೋದವರು ಅವಳನ್ನು ಕಷ್ಟದಲ್ಲೇ ಬಿಟ್ಟು ಹೋದ ಹಾಗೆ. ಕೇಳುತ್ತಾ ಸೆರಗಿನಿಂದ ಕಣ್ಣೊರೆಸಿಕೊಳ್ಳುವ ಹೆಂಗಸರನ್ನು ನೋಡಿ ನಗಬೇಡಿ, ವಿಡಿಯೊವನ್ನಂತೂ ಮಾಡಲೇಬೇಡಿ.

ರೀಲ್ಸಿಗೆಂದು ಕತೆಯನ್ನು ತುಂಡರಿಸಬೇಡಿ. 2020ರಲ್ಲಿ ಒಂದು ರ‍್ಯಾಪ್ ವಿಡಿಯೊದಲ್ಲಿ ಸಂಕಮ್ಮನನ್ನು ತೋರಿಸಿದ ರೀತಿಗೆ ಭಕ್ತರು ನೊಂದರು. ಅದನ್ನು ಯೂಟ್ಯೂಬಿನಿಂದ ತೆಗೆಯಬೇಕಾಯಿತು. ಧ್ವನಿಮುದ್ರಣ ಬೇಕೆನ್ನುವವರು ಮೊದಲು ಹಾಡುವವರನ್ನು ಕೇಳಿ, ಒಪ್ಪಿದರೆ ಮಾಡಿ, ಎಲ್ಲಿ ಹಾಕಿದರೂ ಅವರ ಹೆಸರು ಹಾಕಿ. ಕೆ. ಕೇಶವನ್ ಪ್ರಸಾದ್ ಸಂಗ್ರಹಿಸಿದ ಮಲೆ ಮಾದೇಶ್ವರ ಕಾವ್ಯ 2001ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿಯಿಂದ ಇಂಗ್ಲಿಷಿಗೆ ಹೋದಾಗಲೂ ಹಾಡಿದ ಹೆಬ್ಬಣಿ ಮಾದಯ್ಯನವರ ಹೆಸರು ಅದರೊಂದಿಗೇ ಹೋಯಿತು. ನಿಮ್ಮ ಮೊಬೈಲಿಗೂ ಅದೇ ನಿಯಮ.

ಸಿನಿಮಾ ಹಾಡು ಹಾಡಿ ಎಂದು ಕೇಳಬೇಡಿ.

ಕಾರ್ಯಕ್ರಮ ಏರ್ಪಡಿಸುವವರಿಗೆ ಇದು ವಿಶೇಷ ಸೂಚನೆ. ಅತಿಥಿಗಳ ಕಾರಿನ ಮುಂದೆ ಕಂಸಾಳೆಯವರನ್ನು ಕುಣಿಸಿ, ಅತಿಥಿಗಳು ವೇದಿಕೆ ಹತ್ತಿದ ಕೂಡಲೇ ಅವರನ್ನು ಹಿಂಬಾಗಿಲಿನಿಂದ ಕಳಿಸಬೇಡಿ. ಇಡೀ ರಾತ್ರಿ ಹಾಡಬಲ್ಲವರಿಗೆ ಐದು ನಿಮಿಷ ಕೊಟ್ಟು ಗಡಿಯಾರ ತೋರಿಸುವುದು ಅವಮಾನ. ಐದೇ ನಿಮಿಷ ಇದೆಯಾದರೆ ಕರೆಯಲೇಬೇಡಿ. ಕರೆದರೆ ಸಂಭಾವನೆಯನ್ನು ಮೊದಲೇ ಮಾತಾಡಿ, ಅದೇ ರಾತ್ರಿ ಕೈಗಿಡಿ. ಹಿಮ್ಮೇಳದವರಿಗೂ ಲೆಕ್ಕ ಹಾಕಿ. ಊಟ, ಮಲಗಲು ಜಾಗ, ಬೆಳಗಿನ ಬಸ್ಸಿನ ಖರ್ಚು ನಿಮ್ಮದು. ಹಣದ ಬದಲು ಹೆಂಡ ಕೊಡುವುದನ್ನು ಇಂದೇ ನಿಲ್ಲಿಸಿ. ಕೇಳಲು ಬಂದವರೂ ಜೋಳಿಗೆಗೆ ಕೈಲಾದಷ್ಟು ಹಾಕಿ. ನೋಟನ್ನು ಹಾರಿಸಬೇಡಿ, ಅಂಗಿಗೆ ಚುಚ್ಚಬೇಡಿ.

ಹಿಮ್ಮೇಳದವರು ಸೊಲ್ಲು ಎತ್ತಿಕೊಂಡಾಗ ಸುತ್ತಲಿನವರು ಉಘೇ ಎನ್ನುತ್ತಾರೆ. ನೀವೂ ಎನ್ನಿ, ಸಂಕೋಚ ಬೇಡ. ಅದು ಬಾರದೆ ಹಾಡುವವರ ಉಸಿರು ತುಂಬುವುದಿಲ್ಲ.

ಬಿಳಿಗಿರಿರಂಗನ ಬೆಟ್ಟದಲ್ಲಿ ಸೋಲಿಗರ ಊರುಗಳಾದ ಪೋಡುಗಳಿಗೆ ಹೋಗುವವರು ಅವರ ಅಂಗಳಕ್ಕೆ ನುಗ್ಗಿ ಗೊರುಕನ ಹಾಡಿ ತೋರಿಸಿ ಎನ್ನಬೇಡಿ. ರೊಟ್ಟಿಹಬ್ಬದಲ್ಲಿ ಅವರು ತಮಗಾಗಿ ಹಾಡಿ ಕುಣಿಯುವುದು ಅದು. ಸೋಲಿಗರ ಹೆಣ್ಣು ಕುಸುಮಾಲೆಯನ್ನು ಮದುವೆಯಾದ ಬೆಟ್ಟದ ದೇವರು ರಂಗಪ್ಪ ಅವರಿಗೆ ಭಾವ. ನೀವು ನೆಂಟರ ಮನೆಗೆ ಬಂದ ಪರರು. ಕರೆದರೆ ಹೋಗಿ, ಕರೆಯದಿದ್ದರೆ ಇಲ್ಲ.

ಬಾಟಲಿ, ಪ್ಲಾಸ್ಟಿಕ್ ತಟ್ಟೆ ಹೊತ್ತು ಬಂದವರು ಹೊತ್ತುಕೊಂಡೇ ಹಿಂದಿರುಗಿ. ಬಿಳಿಗಿರಿರಂಗನ ಬೆಟ್ಟ 2011ರಿಂದ ಹುಲಿ ಸಂರಕ್ಷಿತ ಪ್ರದೇಶ, ಮಾದಪ್ಪನ ಬೆಟ್ಟದ ಕಾಡು ವನ್ಯಧಾಮ. ಕತೆ ಮುಗಿಯಿತೆಂದು ನಡುರಾತ್ರಿ ಹೊರಡಬೇಡಿ; ತಾಳಬೆಟ್ಟದ ತಿರುವುಗಳಲ್ಲಿ ಆನೆ ಇರುತ್ತದೆ. ಅಲ್ಲೇ ಕಂಬಳಿ ಹೊದ್ದು ಮಲಗಿ, ಬೆಳಕು ಹರಿದ ಮೇಲೆ ಮೊದಲ ಬಸ್ಸು ಹತ್ತಿ.