ಲಕ್ವ ಹೊಡೆದರೆ ಮೊದಲು ಗಡಿಯಾರ ನೋಡಿ



ಬೆಳಿಗ್ಗೆ ಹಾಲು ಕರೆದು ಬಂದ ಅತ್ತೆಯ ಬಾಯಿ ಓರೆಯಾಯಿತು, ಬಲಗೈ ಸೋತಿತು. ಮನೆಯವರು ಎಣ್ಣೆ ತಿಕ್ಕಿ ಮಲಗಿಸಿದರು, ಆಸ್ಪತ್ರೆಗೆ ಹೋದದ್ದು ಮರುದಿನ. ಇಂಥದ್ದು ನಮ್ಮ ಹಳ್ಳಿಗಳಲ್ಲಿ ಇವತ್ತಿಗೂ ನಡೀತದೆ.

ಕೈ ಸೋತರೂ ಪೆಟ್ಟು ಬಿದ್ದಿರುವುದು ಮೆದುಳಿಗೆ. ಅಲ್ಲಿನ ರಕ್ತನಾಳದಲ್ಲಿ ಹೆಪ್ಪು ಸಿಕ್ಕಿಕೊಂಡಿರುತ್ತದೆ, ಇಲ್ಲವೇ ನಾಳ ಒಡೆದಿರುತ್ತದೆ. ಮೆದುಳಿನ ಎಡಭಾಗ ಕೆಟ್ಟರೆ ಬಲಗೈ ಬಲಗಾಲು ಬೀಳುತ್ತವೆ. ಕೈಗೆ ಎಣ್ಣೆ, ಪಾರಿವಾಳದ ರಕ್ತ ಸವರಿದರೆ ಮೆದುಳಿಗೆ ಏನು ತಲುಪೀತು?

ಅನುಮಾನ ಬಂದರೆ ನಗಲು ಹೇಳಿ, ಎರಡೂ ಕೈ ಎತ್ತಿಸಿ, ಮಾತಾಡಿಸಿ. ಬಾಯಿ ಜಾರಿದರೆ, ಒಂದು ಕೈ ಇಳಿದರೆ, ಮಾತು ತೊದಲಿದರೆ, ಯಾವುದಾದರೂ ಒಂದೇ ಸಾಕು, 108ಕ್ಕೆ ಫೋನ್ ಮಾಡಿ. ಸ್ವಲ್ಪ ಹೊತ್ತಿಗೆ ಸರಿಹೋದರೂ ಹೋಗಲೇಬೇಕು. ನೀರು, ಕಾಫಿ, ಮಾತ್ರೆ ಬಾಯಿಗೆ ಹಾಕಬೇಡಿ, ಉಸಿರಿನ ದಾರಿಗೆ ಇಳೀತದೆ. ಪ್ರಜ್ಞೆ ತಪ್ಪಿದರೆ ಒಂದು ಮಗ್ಗುಲಿಗೆ ಮಲಗಿಸಿ.

ಕೊನೆಯ ಸಲ ಚೆನ್ನಾಗಿದ್ದದ್ದು ಎಷ್ಟು ಗಂಟೆಗೆ? ಡಾಕ್ಟರು ಮೊದಲು ಕೇಳುವುದು ಇದನ್ನೇ. ಹೆಪ್ಪು ಕರಗಿಸುವ ಇಂಜೆಕ್ಷನ್ನನ್ನು ಸಾಮಾನ್ಯವಾಗಿ 4½ ಗಂಟೆಯೊಳಗೆ ಕೊಡಬೇಕು. ಅದಕ್ಕೂ ಮೊದಲು ಸಿ.ಟಿ. ಸ್ಕ್ಯಾನ್ ಆಗಬೇಕು, ಯಾಕಂದ್ರೆ ನಾಳ ಒಡೆದಿದ್ದರೆ ಅದೇ ಇಂಜೆಕ್ಷನ್ ಪ್ರಾಣಕ್ಕೆ ಅಪಾಯ. ನಿಮ್ಮೂರಿಗೆ ಹತ್ತಿರ ರಾತ್ರಿಯೂ ಸ್ಕ್ಯಾನ್ ಮಾಡುವ ಆಸ್ಪತ್ರೆ ಯಾವುದು? ಈ ವಾರದ ಸಭೆಗೆ ಮೊದಲೇ ವಿಚಾರಿಸಿ ಸಂಘದ ಪುಸ್ತಕದಲ್ಲಿ ಬರೆದಿಡಿ. ಸಾಲದ ಲೆಕ್ಕದ ಪಕ್ಕದಲ್ಲೇ ಆದರೂ ಅಡ್ಡಿಯಿಲ್ಲ.